ಶನಿವಾರದ ವಾಸನೆ

ಅಮ್ಮಾ,

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ನಮ್ಮೂರು ಪಾಲ್ಮಾಕ್ಕೆ ಬಂದು ಅಕ್ಕಸಾಲಿಗರ ಬೀದಿಯ ಮನೆಯ ಬೀಗ ತೆಗೆದೆ. ಶನಿವಾರವಲ್ಲವೇ, ನೀನು ಮಾಡುತ್ತಿದ್ದಂತೆಯೇ ಅಡುಗೆಮನೆಯ ಕಿಟಕಿ ಹಾರುಹೊಡೆದು ನಿನ್ನ ಬಾಣಲೆಯಲ್ಲಿ ಹಂದಿಮಾಂಸ ಹುರಿದೆ.

ಎದುರುಮನೆಯ ಕೊಲೋಮಾ ಅಜ್ಜಿ ಕಿಟಕಿಯಿಂದಲೇ ನಕ್ಕಳು. "ನೀನೂ ಶುರು ಮಾಡಿದ್ಯೇನೇ? ಇನ್ನೂ ಯಾರಿಗೆ ಹೆದರ್ತೀಯ?"

"ಹೆದರೋದಾ? ಅಮ್ಮ ಪ್ರತಿ ಶನಿವಾರ ಹುರೀತಿದ್ಲಲ್ಲ ಅಜ್ಜಿ."

"ಅಯ್ಯೋ ಪೆದ್ದಿ, ಅವ್ಳು ನಿಂಗೆ ಹೇಳ್ಲೇ ಇಲ್ವಾ? ಈ ಬೀದಿಯೋರ ಹಿರೀಕರು ಬಲವಂತಕ್ಕೆ ಕ್ರೈಸ್ತರಾದ ಯೆಹೂದಿಗಳು. ಶನಿವಾರ ಒಲೆ ಹಚ್ಚದೆ, ಹಂದಿ ಮುಟ್ಟದೆ ಇದ್ರೆ ಇನ್ನೂ ಯೆಹೂದಿಗಳ ಮನೆಯೇ ಅಂತ ಊರೆಲ್ಲ ಆಡ್ಕೊಳ್ತಿತ್ತು. ಅದಕ್ಕೇ ವಾಸನೆ ಬೀದಿಗೆ, ತುಂಡು ನಿಂಗೆ. ಅವ್ಳು ಯಾವತ್ತಾದ್ರೂ ಬಾಯಿಗಿಟ್ಟಿದ್ದು ನೋಡಿದ್ದೀಯಾ?"

ನೋಡಿರಲಿಲ್ಲ. "ನಂಗೆ ಆಗಿಬರಲ್ಲ ಕಣೆ" ಎಂದು ನೀನು ಬ್ರೆಡ್ಡಿಗೆ ಎಣ್ಣೆ ಸವರಿಕೊಂಡು ತಿನ್ನುತ್ತಿದ್ದೆ. ನಿನ್ನ ಪಾಲನ್ನೂ ನಾನೇ ತಿನ್ನುತ್ತಿದ್ದೆ.

ಅಜ್ಜಿ ಕಿಟಕಿ ಮುಚ್ಚಿಕೊಂಡಳು. ಕೆಳಗೆ ಪ್ರವಾಸಿಗರು ಗಾಲಿಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದಾರೆ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಸುವವರು ಈ ಬೀದಿಯಲ್ಲಿ ಉಳಿದಿಲ್ಲ.

ತಟ್ಟೆಯಲ್ಲಿ ತುಂಡು ಆರುತ್ತಿದೆ. ನಾನು ಬ್ರೆಡ್ಡಿಗೆ ಎಣ್ಣೆ ಸವರಿಕೊಂಡು ಕೂತಿದ್ದೇನೆ. ಯಾಕೆ ತಿನ್ನುತ್ತಿಲ್ಲ ಎಂದು ಕೇಳಿದರೆ, ನನಗೂ ಆಗಿಬರಲ್ಲ ಎನ್ನುತ್ತೇನೆ. ಕೇಳುವವರು ಬೇಕಲ್ಲ.

ನಿನ್ನ
ಅಪೊಲೋನಿಯಾ