ಮೂರು ಪರದೆಗಳ ಮುಂದೆ

ಮಾರ್ಚ್ ೧೨, ಬುಧವಾರ

ಆ ಹಸಿರು ಚುಕ್ಕೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಸೇರಿ ಒಂಬತ್ತು ವರ್ಷ. ಎಡಗಡೆ ಪರದೆಯಲ್ಲಿ ಕರೆಗಳು, ನಡುವೆ ನಕ್ಷೆ, ಬಲಗಡೆ ಗಾಡಿಗಳ ಪಟ್ಟಿ. ಇಂದು ಮಧ್ಯಾಹ್ನ ಎಡಗಡೆ ಮೂಡಿದ್ದು ನಮ್ಮ ಮನೆಯದೇ ನಂಬರು.

"ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದಾರೆ," ಎಂದಳು ಮಗಳು. ನನ್ನ ದನಿ ಕೇಳಿದ್ದೇ, "ಅಮ್ಮಾ, ನೀನಾ? ಬೇಗ ಬಾ."

"ಉಸಿರಾಡ್ತಿದ್ದಾರಾ ನೋಡು ಪುಟ್ಟಿ. ಗಾಡಿ ಕಳಿಸ್ತೀನಿ."

ಮನೆ ಹತ್ತೇ ನಿಮಿಷದ ದಾರಿ. ಆದರೆ ಬದಲಿ ಬರುವವರೆಗೆ ಕುರ್ಚಿ ಬಿಡುವಂತಿಲ್ಲ. ಮೇಲ್ವಿಚಾರಕರನ್ನು ಕೇಳಿದೆ. "ಯಾರೂ ಇಲ್ಲಮ್ಮ, ಏನ್ಮಾಡ್ಲಿ," ಎಂದರು, ಪಾಪ. ನಕ್ಷೆಯಲ್ಲಿ ಗಾಡಿಯ ಹಸಿರು ಚುಕ್ಕೆ ನಮ್ಮ ಬೀದಿಯ ತಿರುವಿನಲ್ಲಿ ನಾಲ್ಕು ನಿಮಿಷ ನಿಂತೇಬಿಟ್ಟಿತು. ಅಷ್ಟರಲ್ಲಿ ಇನ್ನೊಂದು ಕರೆ, ಮತ್ತೊಂದು. ಯಾರದೋ ಗಂಡ, ಯಾರದೋ ಮಗು. ಎಲ್ಲರಿಗೂ ಅದೇ ಸಮಾಧಾನದ ದನಿಯಲ್ಲಿ ಉತ್ತರಿಸಿದೆ. ಕೈಕಾಲು ಕಟ್ಟಿಹಾಕಿದಂತಿತ್ತು.

ಸಂಜೆ ಆಸ್ಪತ್ರೆಗೆ ಓಡಿದೆ. ಸೊಂಟದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲವಂತೆ. ಅತ್ತೆ ನನ್ನ ಕೈ ಹಿಡಿದು, "ನೀನೇ ಗಾಡಿ ಕಳಿಸಿದ್ಯಂತೆ," ಎಂದರು. ನೀನ್ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಅತ್ತಾದರೂ ಬಿಡುತ್ತಿದ್ದೆ.

ಬೆಳಿಗ್ಗೆ ಆರಕ್ಕೆ ಮತ್ತೆ ಡ್ಯೂಟಿ. ರಜೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.