ಜೇಡಿಗೆ ತಾಗಿದೆ ಎಂದು ಬರೆದದ್ದು

ಗುರುವಾರ, ಮಧ್ಯಾಹ್ನ ಮೂರೂಮುಕ್ಕಾಲು

ಅಕ್ಕಾ,

ಮೂರೂ ಹತ್ತಕ್ಕೆ ಎಚ್ಚರವಾಯಿತು. ಬಚ್ಚಲ ತೂಬಿನಿಂದ ಗುಳುಗುಳು ಸದ್ದು. ನಾಲ್ಕು ದಿನದಿಂದ ನಿದ್ದೆಯಿಲ್ಲ, ಪುಟ್ಟಿ ಮಲಗಿದಳೆಂದು ಗೋಡೆಗೆ ಒರಗಿದ್ದೆ. ಹೋಗಿ ನೋಡಿದರೆ ಹೊರಗೆ ಹೋಗಬೇಕಾದ ನೀರು ಒಳಗೆ ಬರುತ್ತಿದೆ, ಡಿಕಾಕ್ಷನ್ ಬಣ್ಣದ ಕಾಲುವೆ ನೀರು. ಪಕ್ಕದ ಮನೆಯ ದರ್ಜಿಯಮ್ಮ ತಮ್ಮಲ್ಲೂ ಹಾಗೇ ಅಂದರು. ಕಾಲುವೆ ನೆಂಟಸ್ತನಕ್ಕೆ ಬರ್ತಾ ಇದೆ ಕಣೇ, ಚಾಪೆ ಹಾಸು ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆಗಲೇ ನಿನಗೆ ಫೋನ್ ಮಾಡಿ ನೀನು ನೋಡಿಕೊಳ್ಳುವ ಕಾಲುವೆ ಗೇಟಿನ ಹತ್ತಿರ ನೀರು ಎಷ್ಟಿದೆ ಅಂತ ಕೇಳಿದೆನಲ್ಲ. ನೀನು ಎಂದಿನಷ್ಟೇ, ಯಾಕೆ ಅಂದೆ. ಏನಿಲ್ಲ, ಪುಟ್ಟಿಗೆ ಹಲ್ಲು ಬರ್ತಿದೆ ಅಂತ ಹೇಳಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಬೇರೆಯೇ ಇತ್ತು. ಅದಕ್ಕೇ ಈ ಕಾಗದ. ಐದು ಗಂಟೆಯ ದೋಣಿಯವನ ಕೈಗೆ ಕೊಡುತ್ತೇನೆ.

ಅಲ್ಲಿ ನೀರು ಏರಿಲ್ಲ ಅಂದರೆ ಇಲ್ಲಿ ನಮ್ಮ ಬೀದಿ ಇಳಿದಿದೆ, ಅಕ್ಕಾ.

ನಾಳೆ ಬೆಳಿಗ್ಗೆ ಆರಕ್ಕೆ ನೀನು ಗೇಟಿನ ಹಲಗೆ ಇಳಿಸಿ ಕಾಲುವೆಯ ನೀರನ್ನು ಒಂದು ಗೇಣು ಏರಿಸುತ್ತೀಯ. ಯಾಕೆಂದು ಹೇಳಿಕೊಟ್ಟವಳೂ ನೀನೇ. ನಮ್ಮ ಕಾಲಡಿ ಇರೋದು ಮಣ್ಣಲ್ಲ ಕಣೇ, ಕೊಳೆಯೋದನ್ನ ಮರೆತ ಕಾಡು. ಸಾವಿರಾರು ವರ್ಷದ ಎಲೆ, ಬೇರು ನೀರಲ್ಲಿ ಮುಳುಗಿ ಇಂಗಾಲ ಹಿಡಿದು ಕೂತಿವೆ. ನೀರು ಬಸಿದರೆ ಇಂಗಾಲ ಗಾಳಿಗೆ, ಬೀದಿ ಪಾತಾಳಕ್ಕೆ ಅಂದಿದ್ದೆ. ಸರಿಯಾದ ಕೆಲಸವೇ. ಆದರೆ ಏರಿದ ನೀರು ನಮ್ಮ ಹೊಸ್ತಿಲಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ ಅಂತ ನೀನು ನಂಬಿರುವುದು ನನ್ನ ಮಾತಿನ ಮೇಲೆ. ಬೀದಿಯ ಅಳತೆ ಕಂಬ ನೋಡಿ ತಿಂಗಳು ತಿಂಗಳೂ ಕುಸಿತ ಇಲ್ಲ ಅಂತ ಬರೆದವಳು ನಾನು.

ಆ ಕಂಬವೇ ಸರಿಯಿಲ್ಲ, ನೆಟ್ಟವಳೂ ನಾನೇ. ಪೈಪಿಗೆ ಪೈಪು ಜೋಡಿಸಿ ತಳದ ಜೇಡಿಮಣ್ಣಿಗೆ ಮುಟ್ಟಿಸಬೇಕಿತ್ತು. ಆಗ ಕಂಬ ನಿಂತಲ್ಲೇ ನಿಲ್ಲುತ್ತದೆ, ನೆಲ ಕುಸಿದಷ್ಟೂ ಹೊರಗೆ ಕಾಣುತ್ತದೆ. ನನಗಾಗ ಎಂಟು ತಿಂಗಳು, ಪುಟ್ಟಿ ಹೊಟ್ಟೆಯಲ್ಲಿ. ಮೂರನೇ ಪೈಪು ಟಕ್ ಅಂತ ನಿಂತಿತು. ಜೇಡಿ ಟಕ್ ಅನ್ನುವುದಿಲ್ಲ, ಮೆತ್ತಗೆ ಹಿಡಿಯುತ್ತದೆ. ಅದು ಹೂತುಹೋದ ಯಾವುದೋ ಮರದ ಬೊಡ್ಡೆ. ಪಕ್ಕಕ್ಕೆ ಸರಿಸಿ ಪೂರ್ತಿ ಇಳಿಸಲು ನಾಲ್ಕು ಪೈಪು ಬೇಕು, ಉಗ್ರಾಣದಿಂದ ಬಂದದ್ದು ಮೂರೇ. ವಾಂತಿ ಒತ್ತಿ ಬರುತ್ತಿತ್ತು. ಜೇಡಿಗೆ ತಾಗಿದೆ ಅಂತ ಬರೆದು ಮನೆಗೆ ಬಂದೆ. ಬೊಡ್ಡೆ, ಕಂಬ, ನೆಲ, ಮನೆ ಎಲ್ಲ ಒಟ್ಟಿಗೇ ಇಳಿಯುತ್ತಿದ್ದರೆ ಕುಸಿತ ಎಲ್ಲಿ ಕಂಡೀತು?

ಹಲಗೆ ಒಮ್ಮೆ ಇಳಿದರೆ ಮಳೆಗಾಲ ಮುಗಿಯುವವರೆಗೆ ಎತ್ತಲಾಗದು. ಇಲ್ಲಿ ಹನ್ನೊಂದು ಮನೆಗಳಿವೆ. ಪುಟ್ಟಿ ಈಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಾಳೆ, ಕೆಳಗೆ ಬಿಟ್ಟರೆ ಸೀದಾ ಬಚ್ಚಲಿಗೇ ಹೋಗುತ್ತಾಳೆ.

ನಿನ್ನ ಹೆಸರು ಕೆಡಬಾರದೆಂದು ಸುಮ್ಮನಿದ್ದೆ ಅಂತ ಬರೆಯಹೊರಟಿದ್ದೆ. ಹಾಗಲ್ಲ. ನಿನ್ನ ಮುಖ ನೆನೆದರೆ ಭಯ.

ನಿನ್ನ ತಂಗಿ

ಮತ್ತೆ: ಮೂರೇ ಪೈಪು ಬಂದವು ಅಂತ ಬರೆದದ್ದೂ ಸುಳ್ಳು. ನಾಲ್ಕನೆಯದು ಪುಟ್ಟಿಯ ತೊಟ್ಟಿಲು ಹೊತ್ತಿದೆ. ಕುರ್ಚಿ ಹತ್ತಿ ಕಟ್ಟಿದವಳು ನೀನೇ. ಆನೆಮರಿಯನ್ನೂ ತೂಗಬಹುದು, ಎಲ್ಲಿ ಸಿಕ್ಕಿತೇ ಅಂದೆ. ನಾನು ಗುಜರಿಯಲ್ಲಿ ಅಂದಿದ್ದೆ. ದೋಣಿಯವನು ಕಾಗದ ಕೊಟ್ಟನೋ, ಜೇಬಲ್ಲೇ ಮರೆತನೋ ನನಗೆ ಹೇಗೆ ಗೊತ್ತಾಗಬೇಕು? ಬೆಳಗಾಗುವುದರೊಳಗೆ ಫೋನ್ ಮಾಡು. ಬೈಯಬೇಡ, ವಿವರ ಕೇಳಬೇಡ, ಮತ್ತೆ ನಾಲಿಗೆ ಹೊರಳದೆ ಹೋದೀತು. ಆ ಪೈಪು ಎಲ್ಲಿಯದು ಅಂತ ಅಷ್ಟೇ ಕೇಳು. ದಮ್ಮಯ್ಯ, ಕೇಳು ಅಕ್ಕಾ.