ಮೆಟ್ಟಿಲ ಬಳಿಯ ತೇಪೆ

ನನ್ನ ಮೇಸ್ತ್ರಿಗಳಿಗೆ,

ಕೋಟೆಯ ಬಾಗಿಲು ಹಾಕಿ ಈಗಷ್ಟೇ ಮನೆಗೆ ಬಂದೆ. ಒಬ್ಬಳಿಗೋಸ್ಕರ ಒಲೆ ಹಚ್ಚಲು ಮನಸ್ಸಾಗಲಿಲ್ಲ, ಬರೆಯಲು ಕೂತೆ. ನೀವು ತೀರಿಕೊಂಡ ಮೇಲೆ ನನಗೆ ಅಲ್ಲೇ ಟಿಕೆಟ್ ಹರಿಯುವ ಕೆಲಸ ಕೊಟ್ಟಿದ್ದಾರೆ. ದಿನವಿಡೀ ಜನ, ಆದರೆ ಮಾತಾಡುವವರು ಯಾರೂ ಇಲ್ಲ. ಹಾಗಾಗಿ ಗೋಡೆಗಳ ಜೊತೆ ಮಾತಾಡುತ್ತೇನೆ. ನೀವಿದ್ದಾಗಲೂ ಅದನ್ನೇ ತಾನೇ ಮಾಡುತ್ತಿದ್ದದ್ದು!

ನೆನಪಿದೆಯೇ, ಕೋಟೆ ನೋಡಲು ಬಂದವರೊಬ್ಬರು ನಿಮ್ಮ ಗಾರೆ ಕಂಡು, "ಏನ್ರೀ ಇದು, ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತೆ" ಎಂದು ಮೂಗು ಮುರಿದಿದ್ದರು. "ಕಾಣ್ಲಿ ಅಂತಾನೇ ಬಣ್ಣ ತಿಳಿಯಾಗಿ ಮಾಡಿರೋದು. ಹಳೇದು ಹಳೇದಾಗಿರ್ಲಿ, ನಮ್ದು ನಮ್ದಾಗಿರ್ಲಿ. ಇಂಥ ಜಾಗದಲ್ಲಿ ಗೋಡೆ ಸುಳ್ಳು ಹೇಳ್ಬಾರ್ದು" ಎಂದಿರಿ. ಪಕ್ಕದಲ್ಲಿ ಸುಣ್ಣ ಕಲಸುತ್ತಿದ್ದ ನಾನು, ಹಾಗಾದರೆ ನನ್ನ ನರೆಗೂದಲಿಗೂ ಬಣ್ಣ ಬೇಡ ಅನ್ನಿ ಎಂದು ಕಾಲೆಳೆದಿದ್ದೆ.

ಈಗ ನಿಮ್ಮ ತೇಪೆಗಳಿಗೂ ವಯಸ್ಸಾಗಿದೆ. ಮಳೆ ಬಿಸಿಲು ತಿಂದು ಹಳೆಯ ಗಾರೆಯ ಬಣ್ಣಕ್ಕೇ ತಿರುಗಿವೆ. ಇವತ್ತು ಪುರಾತತ್ವ ಇಲಾಖೆಯ ಎಂಜಿನಿಯರ್ ಹುಡುಗಿ ಬಂದಿದ್ದಳು. ಹೊಸದು ಯಾವುದೆಂದು ಗುರುತು ಸಿಗುತ್ತಿಲ್ಲವಂತೆ. ನಿಯಮದ ಪ್ರಕಾರ ಸಿಗಲೇಬೇಕಂತೆ. ನಿಮ್ಮದನ್ನೆಲ್ಲ ಕೆರೆದು ಮತ್ತೆ ತಿಳಿ ಗಾರೆ ಬಳಿಯುತ್ತಾರೆ. "ಅಮ್ಮಾ, ಸುಣ್ಣ ಕಲಸಿಕೊಟ್ಟವರು ನೀವೇ ಅಲ್ವಾ, ತೋರಿಸ್ಬಿಡಿ" ಎಂದಳು. ಬಾಯಿ ಬಿಟ್ಟರೆ ನೀವು ಹೋಗುತ್ತೀರಿ, ಮುಚ್ಚಿಕೊಂಡರೆ ನಿಮ್ಮ ಮಾತು ಹೋಗುತ್ತದೆ.

ತೋರಿಸಿದೆ. ಬುರುಜಿನದು, ಕಮಾನಿನದು, ಬಾವಿಕಟ್ಟೆಯದು. ಅವಳು ಒಂದೊಂದರ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

ಕೊನೆಗೆ ನಾವು ಕೂತು ಬುತ್ತಿ ಬಿಚ್ಚುತ್ತಿದ್ದ ಮೆಟ್ಟಿಲ ಹತ್ತಿರ ಬಂದೆವು. ಅಲ್ಲಿಯದು ನಿಮ್ಮ ಕೊನೆಯ ಕೆಲಸ. ಕರಣೆ ಹಿಡಿಯಲು ಕೈ ನಡುಗುತ್ತಿತ್ತೆಂದು ಅಂಗೈಯಿಂದಲೇ ಗಾರೆ ಸವರಿದ್ದಿರಿ. ನಿಮ್ಮ ಬೆರಳಿನ ಜಾಡು ಇನ್ನೂ ಇದೆ. ದಿನಾ ಮಧ್ಯಾಹ್ನ ಅದರ ಮೇಲೆ ಕೈಯಿಟ್ಟುಕೊಂಡೇ ಉಣ್ಣುತ್ತೇನೆ.

"ಇದು?" ಎಂದಳು.

"ಇದು ಹಳೇದಮ್ಮ. ಕೋಟೆ ಕಟ್ಟಿದವರದೇ" ಎಂದೆ.

ಅವಳು ನಂಬಿ ಮುಂದೆ ಹೋದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿಮ್ಮ ಹೆಂಡತಿ ನಿಮ್ಮ ಗೋಡೆಯ ಬಾಯಲ್ಲೇ ಸುಳ್ಳು ಹೇಳಿಸಿದಳು. ನಿಮಗೆ ಕೆಂಡದಂಥ ಕೋಪ ಬಂದಿರುತ್ತದೆ, ಗೊತ್ತು. ಬಯ್ಯುವುದಕ್ಕಾದರೂ ಒಂದು ಸಲ ಬನ್ನಿ.

ನೀವಿರುವಲ್ಲಿ ನಿಮ್ಮ ಕೈ ನಡುಗದಿರಲಿ.

ಬೈಗುಳಕ್ಕೆ ಕಾದು ಕೂತಿರುವ,
ನಿಮ್ಮ ಸುಣ್ಣದವಳು